ನವಣೆ ಕಾಳಿನಷ್ಟು ಸಡಿಲ

ಹಿಂದೂಪುರದ ರೈಫಲ್ ಕ್ಲಬ್ಬಿನಲ್ಲಿ ಇದ್ದದ್ದು ಒಂದು ರೈಫಲ್ ಮತ್ತು ಒಬ್ಬ ಉಸ್ತಾದ. ಇವೆರಡರಲ್ಲಿ ಯಾವುದು ಕೆಟ್ಟಿದೆ ಎಂಬ ಪ್ರಶ್ನೆ ಎದ್ದದ್ದು ಸಾವಿರದ ಒಂಬೈನೂರ ಅರವತ್ತನಾಲ್ಕರ ಬೇಸಿಗೆಯಲ್ಲಿ.

ಉಸ್ತಾದನ ಹೆಸರು ನರಸಪ್ಪ. ಕಲ್ಯಾಣದುರ್ಗದಿಂದ ಬೆಳುಗುಪ್ಪಕ್ಕೆ ಹೋಗುವ ಹಾದಿಯ ಒಂದು ಹಳ್ಳಿಯ ಒಕ್ಕಲು ಮನೆಯವನು. ದೊಡ್ಡ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಿ, ಬರ್ಮಾದ ಕಾಡಿನಲ್ಲಿ ಎರಡು ಮಳೆಗಾಲ ನೆನೆದು, ಆರು ವರ್ಷದ ಮೇಲೆ ಮರಳಿ ಬಂದವನಿಗೆ ಹೊಲದ ಕೆಲಸ ಕೈಗೆ ಹತ್ತಲಿಲ್ಲ. ಹೆಂಡತಿ ರಾಮಾಂಜಿನಮ್ಮನನ್ನು ಕರೆದುಕೊಂಡು ಊರೂರು ತಿರುಗಿದ. ಹತ್ತಿ ಗಿರಣಿಯಲ್ಲಿ ಕಾವಲು ಕಾದ, ರೈಲ್ವೆ ಗೇಟಿನಲ್ಲಿ ಹಸಿರು ಬಾವುಟ ಹಿಡಿದ. ಉತ್ತರದ ಗಡಿಯಲ್ಲಿ ಕಾಳಗ ನಡೆದ ಮರುವರ್ಷ ಊರೂರಲ್ಲೂ ರೈಫಲ್ ಕ್ಲಬ್ಬುಗಳು ಹುಟ್ಟಿಕೊಂಡಾಗ, ಬಂದೂಕು ಹಿಡಿದು ಬಲ್ಲವರನ್ನು ಹುಡುಕಿಕೊಂಡು ಜನ ಬಂದರು. ಐವತ್ತೊಂದನೆಯ ವಯಸ್ಸಿನಲ್ಲಿ ನರಸಪ್ಪ ಉಸ್ತಾದನಾದ.

ಪೆನುಕೊಂಡದ ರಸ್ತೆಯಲ್ಲಿ, ಊರು ಮುಗಿಯುವ ಕಡೆ, ನೀರು ನಿಲ್ಲುವುದನ್ನು ಎಂದೋ ಬಿಟ್ಟ ಒಂದು ಕುಂಟೆ ಇತ್ತು. ಅದರ ಏರಿಯೇ ಗುಂಡು ತಡೆಯುವ ಗೋಡೆ. ಏರಿಯ ಮಗ್ಗುಲಲ್ಲಿ ಹಿಂದೆ ಹೊಲಗಳಿಗೆ ನೀರು ಬಿಡುವ ನೀರುಗಂಟಿಗೆಂದು ಕಟ್ಟಿದ್ದ ಒಂದೇ ಕೋಣೆಯ ಮನೆ. ಅದನ್ನು ಉಸ್ತಾದನಿಗೆ ಬಿಟ್ಟುಕೊಟ್ಟಿದ್ದರು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಒಂದೇ ಸೂರಿನಡಿ ಎರಡು ಬೇಸಿಗೆ ಕಳೆದದ್ದು ರಾಮಾಂಜಿನಮ್ಮನಿಗೆ ಇದೇ ಮೊದಲು. ಬಾಗಿಲ ಮುಂದೆ ಅವಳು ಒಂದು ನುಗ್ಗೆ ಗಿಡ ಹಾಕಿದ್ದಳು. ಅದು ಆ ವರ್ಷ ಮೊದಲ ಸಲ ಹೂ ಬಿಟ್ಟಿತ್ತು.

ಮೊದಲ ವರ್ಷ ಅರವತ್ತು ಜನ ಬರುತ್ತಿದ್ದರು: ಮೇಷ್ಟ್ರುಗಳು, ತಾಲ್ಲೂಕು ಕಚೇರಿಯ ಗುಮಾಸ್ತರು, ಬೆಲ್ಲದ ಮಂಡಿಯವರು. ಬಿಳಿ ಪಂಚೆಯನ್ನು ಕಚ್ಚೆ ಹಾಕಿ ಮಣ್ಣಿನ ಮೇಲೆ ಬೋರಲು ಮಲಗಿ, ಒಂದು ಕಣ್ಣು ಮುಚ್ಚಲು ಬಾರದೆ ಎರಡನ್ನೂ ಮುಚ್ಚಿ ಗುಂಡು ಹಾರಿಸಿ, ದೇಶಕ್ಕೆ ಏನೋ ಮಾಡಿದೆವೆಂದು ಮನೆಗೆ ಹೋಗುತ್ತಿದ್ದರು. ಎರಡನೆಯ ವರ್ಷಕ್ಕೆ ಹನ್ನೊಂದು ಜನ ಉಳಿದರು. ಉತ್ಸಾಹಕ್ಕೂ ಒಂದು ಆಯಸ್ಸಿದೆ. ಅದು ಕಡಿಮೆಯಾದ ಮೇಲೆ ಉಳಿದವರಿಗೆ ತಪ್ಪುಗಳು ಸ್ಪಷ್ಟವಾಗಿ ಕಾಣತೊಡಗುತ್ತವೆ.

ತಪ್ಪು ಕಂಡದ್ದು ಕಲ್ಯಾಣದುರ್ಗದಲ್ಲಿ. ಅಲ್ಲಿಯೂ ಒಂದು ಕ್ಲಬ್ಬು ತೆರೆಯಬೇಕೆಂದು ಶಾಲೆಯ ಬಯಲಿನಲ್ಲಿ ಪ್ರದರ್ಶನ ಏರ್ಪಡಿಸಿ, ಹಿಂದೂಪುರದ ಉಸ್ತಾದನನ್ನು ಕರೆಸಿದ್ದರು. ನರಸಪ್ಪನ ನೆಂಟರಿಷ್ಟರೆಲ್ಲ ಮುಂದಿನ ಸಾಲಿನಲ್ಲಿದ್ದರು. ಐವತ್ತು ಗಜದಿಂದ ಐದು ಗುಂಡು ಹೊಡೆದ. ಮೂರು ಕಾಗದದ ಅಂಚನ್ನು ಹರಿದವು. ಎರಡು ಎಲ್ಲಿ ಹೋದವೋ ಗೊತ್ತಾಗಲಿಲ್ಲ. "ಕಾಗಿತಾನಿಕಿ ಕಾದ್ರೋ, ಗುಟ್ಟಕಿ ಕೊಟ್ಟಿನಾಡು!" ಎಂದು ಯಾರೋ ಹಿಂದಿನಿಂದ ಕೂಗಿದರು. ಕಾಗದ ಬಿಟ್ಟು ಗುಡ್ಡಕ್ಕೆ ಹೊಡೆದನೆಂಬ ಆ ಮಾತಿಗೆ ಬಯಲೆಲ್ಲ ನಕ್ಕಿತು.

ಕ್ಲಬ್ಬಿನ ಕಾರ್ಯದರ್ಶಿ ಓಬುಳಪತಿ ನಗಲಿಲ್ಲ. ಕಡಲೆಕಾಯಿ ಎಣ್ಣೆ ಗಿರಣಿಯ ಮ್ಯಾನೇಜರಾಗಿದ್ದ ಆತ ಕೆಟ್ಟ ಮನುಷ್ಯನಲ್ಲ; ಯಂತ್ರ ನಿಂತರೆ ಯಾವ ಭಾಗ ಕೆಟ್ಟಿತೆಂದು ಕೇಳುವುದು ಅವನ ಅಭ್ಯಾಸವಾಗಿತ್ತು. ಹಿಂದೂಪುರಕ್ಕೆ ಮರಳಿದ ಮೇಲೆ ಒಂದು ಸಂಜೆ ಕುಂಟೆಯ ಬಳಿ ಬಂದು ಕೇಳಿದ.

"ಏಮಯ್ಯಾ ನರಸಪ್ಪ, ನಿಜ ಹೇಳಬೇಕು. ರೈಫಲ್ ಕೆಟ್ಟಿದೆಯಾ, ನಿನ್ನ ಕೈ ಕೆಟ್ಟಿದೆಯಾ?"

"ರೈಫಲ್ಲೇ ಇರಬೈದು ಸಾಮಿ. ಹಳೇದು."

"ಇರಬೈದು ಅಂದ್ರೆ ನಡೆಯಲ್ಲ. ಅದು ಕೆಟ್ಟಿದ್ರೆ ಬೆಂಗಳೂರಿಗೆ ಕಳಿಸೋಣ. ಅದು ಕೆಟ್ಟಿಲ್ಲ ಅಂದ್ರೆ…" ಓಬುಳಪತಿ ನುಗ್ಗೆ ಗಿಡದ ಕಡೆ ನೋಡಿದ. "ಇನ್ನೊಬ್ಬರನ್ನ ನೋಡಬೇಕಾಗುತ್ತೆ. ಮನೆಯೂ ಅವರಿಗೇ ಹೋಗುತ್ತೆ. ಹದಿನೈದು ದಿನದಲ್ಲಿ ಹೇಳು."

ಹೇಳುವುದು ಹೇಗೆ? ನರಸಪ್ಪ ಹೊಡೆದರೆ ತಪ್ಪು ಯಾರದೆಂದು ತಿಳಿಯದು. ಬೇರೆಯವರು ಹೊಡೆದರೆ ತಿಳಿಯುವ ಸಂಭವ ಇನ್ನೂ ಕಡಿಮೆ. ಉಳಿದ ಹನ್ನೊಂದು ಜನರಲ್ಲಿ ಗುರಿಗಾರ ಎನ್ನಿಸಿಕೊಳ್ಳುವಂಥವನು ಒಬ್ಬನೂ ಇರಲಿಲ್ಲ. ಎರಡು ದಿನ ಯೋಚಿಸುತ್ತ ಕುಳಿತವನಿಗೆ ಬೆಲ್ಲದ ಮಂಡಿಯ ತೂಕದವನು ನೆನಪಾದ. ತಕ್ಕಡಿಯ ಮೇಲೆ ಯಾರಾದರೂ ಅನುಮಾನಪಟ್ಟರೆ ಅವನು ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಬೆಲ್ಲವನ್ನು ಈ ತಟ್ಟೆಯಿಂದ ಆ ತಟ್ಟೆಗೆ, ಕಲ್ಲನ್ನು ಆ ತಟ್ಟೆಯಿಂದ ಈ ತಟ್ಟೆಗೆ ಬದಲಿಸಿ ಮತ್ತೆ ಎತ್ತುತ್ತಿದ್ದ. ಸುಳ್ಳು ತಕ್ಕಡಿಯದೋ ಸರಕಿನದೋ ತಾನಾಗಿ ಗೊತ್ತಾಗುತ್ತಿತ್ತು. ಹಾಗೆಯೇ ಬಂದೂಕಿನಿಂದ ಮನುಷ್ಯನನ್ನು ತೆಗೆದುಹಾಕಬೇಕು. ಬಂದೂಕನ್ನು ಹೊರುವ ಕೆಲಸ ಮರಕ್ಕೆ ಕೊಟ್ಟು, ಮನುಷ್ಯನಿಗೆ ಗುಂಡು ಹಾರಿಸುವ ಕುದುರೆಯನ್ನು ಎಳೆಯುವ ಒಂದು ಬೆರಳಿನ ಕೆಲಸ ಮಾತ್ರ ಉಳಿಸಿದರೆ, ಕಾಗದದ ಮೇಲೆ ಬೀಳುವ ತೂತು ರೈಫಲ್ಲಿನದೇ ಆಗುತ್ತದೆ. ಅದಕ್ಕೊಂದು ಬೆಂಚು ಬೇಕು.

ಮರ ಹಿಂದೂಪುರದಲ್ಲಿಯೂ ಸಿಗುತ್ತಿತ್ತು. ಆದರೆ ಕಲ್ಯಾಣದುರ್ಗದ ಮಾವನ ಮನೆಯ ಹಿತ್ತಿಲಲ್ಲಿ, ಚಕ್ರ ಕಳಚಿ ಮೂಲೆಗೆ ಬಿದ್ದಿದ್ದ ಒಂದು ಹಳೆಯ ಬಂಡಿ ಇತ್ತು. ಅದರ ಜಾಲಿ ಮರ ಕಬ್ಬಿಣದಂತೆ ಗಟ್ಟಿ. ಬಂಡಿ ಕಟ್ಟುವುದರಲ್ಲಿ ಬಾಮೈದ ದಾಸಣ್ಣ ಸುತ್ತ ಹಳ್ಳಿಗೆಲ್ಲ ಹೆಸರುವಾಸಿ. ನರಸಪ್ಪ ಬಸ್ಸು ಹತ್ತಿದ.

"ಬಾ ಬಾವ, ಗುಡ್ಡ ಹೊಡ್ಯೋ ಉಸ್ತಾದ!" ದಾಸಣ್ಣ ಬಾಗಿಲಲ್ಲೇ ಸ್ವಾಗತಿಸಿದ. "ನೀನು ಹೊಡೆದ ಮ್ಯಾಲೆ ನಮ್ಮ ಗುಡ್ಡ ಕುಂಟ್ತಾ ಐತೆ ಕಣಪ್ಪ."

"ನಗು, ನಗು. ಕೆಲ್ಸ ಐತೆ, ಉಳಿ ತಗಂಡ್ ಬಾ. ಬಂದೂಕು ಇಕ್ಕಿ ಹೊಡೆಯಾಕೆ ಒಂದು ಬೆಂಚು ಬೇಕು."

"ಕುಂತ್ಕಂಡು ಹೊಡೆಯಾಕೆ ಬೆಂಚಾ? ನಾಳೆ ಮಲಕ್ಕಂಡು ಹೊಡೆಯಾಕೆ ಮಂಚ ಕೇಳ್ತೀಯ. ಆಮ್ಯಾಕೆ ದಿಂಬು."

"ದಿಂಬೂ ಬೇಕು ಕಣ್ಲಾ. ಮರಳಿನ ದಿಂಬು."

ಇಬ್ಬರೂ ಸೇರಿ ಐದು ದಿನ ದುಡಿದರು. ಮೂರಡಿ ಉದ್ದದ ಹಲಗೆ, ನಾಲ್ಕು ಕಾಲು, ಅಡ್ಡಪಟ್ಟಿ. ದಾಸಣ್ಣ ಮರಕ್ಕೆ ತೂತು ಕೊರೆದು, ಅದರಲ್ಲಿ ಕೂರಬೇಕಾದ ಕೀಲನ್ನು ಕೆತ್ತಿ, ಎರಡನ್ನೂ ಜೋಡಿಸಿ, ಸಂದಿಗೆ ಒಂದು ನವಣೆ ಕಾಳು ಹಾಕಿ ನೋಡುತ್ತಿದ್ದ. ಕಾಳು ಸರಾಗವಾಗಿ ಜಾರಿ ಕೆಳಗೆ ಬಿದ್ದರೆ ಕೀಲು ಸರಿಯಾಯಿತೆಂದು ಲೆಕ್ಕ. ಸಿಕ್ಕಿಕೊಂಡರೆ ಇನ್ನಷ್ಟು ಕೆತ್ತುತ್ತಿದ್ದ. ಅದು ಅವನ ತಂದೆಯ ಅಳತೆ, ತಾತನ ಅಳತೆ. ಹಳ್ಳ ದಿಣ್ಣೆಯಲ್ಲಿ ಓಡುವ ಬಂಡಿಯ ಕೀಲು ಬಿಗಿಯಾಗಿದ್ದರೆ ಮರ ಸೀಳುತ್ತದೆ. ಕಾಳಿನಷ್ಟು ಸಡಿಲವಿದ್ದರೆ ಬಂಡಿ ಮೈಮುರಿದುಕೊಂಡು ಹೋಗುತ್ತದೆ, ನಲವತ್ತು ವರ್ಷ ಬಾಳುತ್ತದೆ. ನರಸಪ್ಪನೂ ಚಿಕ್ಕಂದಿನಿಂದ ಕಂಡ ಪದ್ಧತಿ. ಕಾಳು ಹಾಕುವ ಸರದಿ ಬಂದಾಗ ಅವನೂ ಹಾಕಿದ, ಬಿದ್ದಾಗ ತಲೆಯಾಡಿಸಿದ. ಓಡದೆ ನಿಲ್ಲಬೇಕಾದ ವಸ್ತುವಿಗೆ ಓಡುವ ವಸ್ತುವಿನ ಅಳತೆ ಇಡುತ್ತಿದ್ದೇವೆಂದು ಇಬ್ಬರಿಗೂ ಹೊಳೆಯಲಿಲ್ಲ. ಕೈಗೆ ಚೆನ್ನಾಗಿ ಬರುವ ಕೆಲಸದಲ್ಲಿಯೇ ಮನುಷ್ಯ ಯೋಚಿಸುವುದನ್ನು ಬಿಟ್ಟಿರುತ್ತಾನೆ.

ಬೆಂಚು ಬಸ್ಸಿನ ಮೇಲೇರಿ ಹಿಂದೂಪುರಕ್ಕೆ ಬಂತು. ಪೆನ್ನೆ ಹೊಳೆಯ ಮರಳನ್ನು ಗೋಣಿಯಲ್ಲಿ ತುಂಬಿ ಎರಡು ದಿಂಬು ಹೊಲಿದುಕೊಟ್ಟವಳು ರಾಮಾಂಜಿನಮ್ಮ. ಬುಧವಾರ ಬೆಳಿಗ್ಗೆ ಓಬುಳಪತಿಯ ಎದುರಿಗೇ ಪರೀಕ್ಷೆ. ರೈಫಲ್ಲಿನ ಮೂತಿ ಒಂದು ದಿಂಬಿನ ಮೇಲೆ, ಹಿಂಬದಿ ಇನ್ನೊಂದರ ಮೇಲೆ. ನರಸಪ್ಪ ಮೊಣಕೈಯನ್ನು ಹಲಗೆಗೆ ಊರಿ, ಉಸಿರು ಹಿಡಿದು, ಬೆರಳು ಮಾತ್ರ ಮಡಚಿದ. ಐದು ಗುಂಡು.

ಕಾಗದ ತಂದು ನೋಡಿದರೆ ಐದು ತೂತುಗಳು ಮೇಲಿನಿಂದ ಕೆಳಕ್ಕೆ ನಾಲ್ಕು ಬೆರಳಗಲ ಹರಡಿದ್ದವು.

"ಸರಿಪೋಯಿಂದಿ, ಸರಿಹೋಯ್ತು," ಎಂದ ಓಬುಳಪತಿ, ನಿರಾಳವಾಗಿ. "ಮರದ ಮೇಲಿಟ್ಟು ಹೊಡೆದ್ರೂ ಹಿಂಗೆ ಅಂದ್ಮೇಲೆ ರೈಫಲ್ಲೇ ಕೆಟ್ಟಿದೆ. ಸೋಮವಾರ ಬೆಂಗಳೂರಿಗೆ ಕಳಿಸ್ತೀನಿ. ನೀನು ಆರಾಮಾಗಿರು ನರಸಪ್ಪ."

ಆ ಮಧ್ಯಾಹ್ನ ನರಸಪ್ಪ ಊಟ ಮಾಡಿ ಗೋಡೆಗೊರಗಿದ. ದಿನಗಟ್ಟಲೆ ಹೊತ್ತ ಭಾರ ಇಳಿದ ಮೇಲೆ ಮೈ ಹಗುರವಾಗಬೇಕಿತ್ತು. ಬದಲಿಗೆ ಮೂಳೆ ಮೂಳೆಯಲ್ಲೂ ಆಯಾಸ ತುಂಬಿಕೊಂಡಿತು. ಕಾಗದ ಪಕ್ಕದಲ್ಲೇ ಇತ್ತು. ನೋಡಬಾರದೆಂದುಕೊಂಡು ನೋಡಿದ. ನಳಿಗೆ ಸವೆದ ಬಂದೂಕು ಗುಂಡನ್ನು ಎಂಟು ದಿಕ್ಕಿಗೂ ಚೆಲ್ಲುತ್ತದೆ. ಬರ್ಮಾದಲ್ಲಿ ಅಂಥವನ್ನು ಎಷ್ಟೋ ಕಂಡಿದ್ದ. ಇಲ್ಲಿ ತೂತುಗಳು ಎಡಕ್ಕೆ ಹೋಗಿರಲಿಲ್ಲ, ಬಲಕ್ಕೆ ಹೋಗಿರಲಿಲ್ಲ. ಬಾವಿಗೆ ಇಳಿಬಿಟ್ಟ ಹಗ್ಗದಂತೆ ನೇರವಾಗಿ ಮೇಲೆ ಕೆಳಗೆ ಇದ್ದವು. ಕೆಟ್ಟ ನಳಿಗೆಗೆ ಇಷ್ಟು ಶಿಸ್ತು ಎಲ್ಲಿಂದ ಬಂತು?

ಸುಮ್ಮನಿರಬಹುದಿತ್ತು. ಎದ್ದು, ಲೋಟದ ತುಂಬ ನೀರು ತುಂಬಿಕೊಂಡು ಹೊರಟ.

"ಉರಿಬಿಸ್ಲಾಗೆ ಎಲ್ಲಿಗೆ?" ರಾಮಾಂಜಿನಮ್ಮ ಒಳಗಿನಿಂದ ಕೇಳಿದಳು.

"ಬೆಂಚಿಗೆ ನೀರು ಕುಡಿಸಿ ಬತ್ತೀನಿ."

ಬೆಂಚಿನವರೆಗೆ ಹೋಗುವಷ್ಟರಲ್ಲಿ ಲೋಟದ ನೀರು ಅರ್ಧ ಚೆಲ್ಲಿಹೋಗಿತ್ತು. ಬಿಸಿಲಿಗೆ ಅವಸರ ಮಾಡಿದೆನೆಂದುಕೊಂಡ. ಲೋಟವನ್ನು ಹಲಗೆಯ ಮೇಲಿಟ್ಟು, ತಂಬಿಗೆ ತಂದು, ಕಂಠದವರೆಗೆ ಮತ್ತೆ ತುಂಬಿಸಿದ. ಗುಂಡು ಹೊಡೆಯುವವನಂತೆ ಕುಳಿತು ಮೊಣಕೈ ಊರಿದ. ನೀರು ಹಿಂದಿನ ಅಂಚಿನಿಂದ ಒಂದು ಎಳೆ ಇಳಿಯಿತು. ಕೈ ತೆಗೆದ, ನೀರು ಮುಂದಿನ ಅಂಚಿಗೆ ಸರಿಯಿತು. ಊರಿದ, ತೆಗೆದ. ಹಲಗೆ ಬಂಡಿಯಂತೆ ಮೈಮುರಿಯುತ್ತಿತ್ತು. ಆಗ ಕಾಳಿನ ಲೆಕ್ಕ ತಲೆಗೆ ಬಂತು. ಮೂರಡಿಯ ಹಲಗೆಯಲ್ಲಿ ಒಂದು ಕಾಳಿನಷ್ಟು ಆಟ. ಗುರಿ ಇರುವುದು ನೂರೈವತ್ತು ಅಡಿಯಲ್ಲಿ, ಅಂದರೆ ಐವತ್ತು ಪಾಲು ದೂರ. ಐವತ್ತು ನವಣೆ ಕಾಳನ್ನು ಸಾಲಾಗಿ ಇಟ್ಟರೆ ಎಷ್ಟಾಗುತ್ತದೆ? ಮನೆಗೆ ಹೋಗಿ ಮಡಕೆಯಿಂದ ಒಂದು ಹಿಡಿ ತಂದು, ನೆಲದ ಮೇಲೆ ಎಣಿಸಿ ಜೋಡಿಸಿದ. ನಾಲ್ಕು ಬೆರಳಗಲ.

ತೂತುಗಳು ರೈಫಲ್ಲಿನವಲ್ಲ, ಬೆಂಚಿನವು. ಪ್ರಶ್ನೆ ಮೊದಲು ಎಲ್ಲಿತ್ತೋ ಅಲ್ಲಿಯೇ ಇತ್ತು.

ಗುರುವಾರ ಸಂದಿಗಳಿಗೆ ಬೆಣೆ ಹೊಡೆದ. ಶುಕ್ರವಾರದ ಬಿಸಿಲಿಗೆ ಮರ ಕುಗ್ಗಿ ಬೆಣೆಗಳು ಕೈಯಲ್ಲಿ ಕಿತ್ತು ಬಂದವು. ಬೆವರು ಒರೆಸುತ್ತ ಬಾಗಿಲ ಬಳಿ ಬಂದು ಕುಳಿತಾಗ ರಾಮಾಂಜಿನಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು.

"ರೈಫಲ್ ಕೆಟ್ಟೈತೆ ಅಂತ ಒಪ್ಕಂಡಾಯ್ತಲ್ಲ," ಅವಳೆಂದಳು. "ಇನ್ಯಾಕೆ ಅದರ ಜೊತೆ ಗುದ್ದಾಟ?"

"ಅದು ಅಲ್ಲಾಡ್ತೈತೆ. ಅಲ್ಲಾಡೋದರ ಮಾತು ನಂಬಂಗಿಲ್ಲ."

"ನಾಕು ಕಾಲು ಇಕ್ಕಿದ್ರೆ ಅಲ್ಲಾಡ್ದೆ ಏನಾಗ್ತೈತೆ? ಒಲೆಗೆ ಯಾರಾನ ನಾಕು ಗುಂಡು ಇಕ್ಕ್ತಾರಾ?"

ನರಸಪ್ಪ ಒಲೆಯನ್ನು ನೋಡಿದ. ಮೂರು ಕಲ್ಲು. ಅವಳು ಎರಡು ಕಾಲಿನಲ್ಲಿ ಕವಲುಗೋಲನ್ನು ಮೆಟ್ಟಿ ಮಡಕೆಯನ್ನು ಅದುಮಿ ಹಿಡಿದು, ಕೋಲಿನಿಂದ ಅಷ್ಟು ಬಲವಾಗಿ ಹಿಟ್ಟನ್ನು ಗೊಟಾಯಿಸುತ್ತಿದ್ದರೂ ಒಲೆ ಕದಲಿರಲಿಲ್ಲ. ನೆಲ ಎಷ್ಟೇ ಏರುತಗ್ಗಾಗಿದ್ದರೂ ಮೂರು ಬಿಂದುಗಳ ಮೇಲೆ ಕುಳಿತದ್ದು ಕುಂಟುವುದಿಲ್ಲ. ನಾಲ್ಕನೆಯದು ಬಂದಾಗಲೇ ವ್ಯಾಜ್ಯ. ಇಷ್ಟು ವರ್ಷ ಮೂರು ಹೊತ್ತೂ ಕಣ್ಣ ಮುಂದೆ ಇದ್ದ ಸತ್ಯ.

"ಹೇಳಿದ್ದು ಒಳ್ಳೇದಾಯ್ತು ಕಣಮ್ಮಿ," ಎಂದ.

ಅವಳ ಕೈಯ ಕೋಲು ಸ್ವಲ್ಪ ಹೊತ್ತು ನಿಂತು ಮತ್ತೆ ತಿರುಗಿತು.

ಶನಿವಾರ ರಸ್ತೆಗೆ ಜಲ್ಲಿ ಒಡೆಯುತ್ತಿದ್ದ ಇಬ್ಬರನ್ನು ಕರೆತಂದ. ಕುಂಟೆಯ ಪಕ್ಕ ಬೇಲಿಗೆಂದು ತಂದು ಬಿಟ್ಟುಹೋದ ಕಲ್ಲುಕಂಬಗಳಿದ್ದವು. ಅವುಗಳಲ್ಲಿ ಮೂರನ್ನು ತೊಡೆಯುದ್ದ ಹೂತು ಮಣ್ಣು ತುಂಬಿ ಗುದ್ದಿದರು. ನೀರಿದ್ದ ಕಾಲದಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಬಂಡೆಯ ಚಪ್ಪಡಿಯೊಂದು ಕುಂಟೆಯ ತಳದಲ್ಲಿ ಅನಾಥವಾಗಿ ಬಿದ್ದಿತ್ತು. ಅದನ್ನು ಹಾರೆಯಿಂದ ಮೀಟಿ, ದಾಸಣ್ಣನ ಬೆಂಚಿನ ಕಾಲುಗಳನ್ನೇ ಕಳಚಿ ಉರುಳೆಯಾಗಿ ಕೊಟ್ಟು, ಮೇಲಕ್ಕೆ ತಂದರು. ಒಂದು ಕೀಲಿಲ್ಲ, ಒಂದು ಸಂದಿಯಿಲ್ಲ. ಕಂಬಗಳ ಮೇಲೆ ಚಪ್ಪಡಿ ಕೂತ ಸದ್ದು ಒಂದೇ ಸಲ ಕೇಳಿತು.

ಭಾನುವಾರ ಬಿಸಿಲೇರುವ ಮುಂಚೆ ಒಬ್ಬನೇ ಹೋದ. ಲೋಟ ಇಟ್ಟು ಕಂಠದವರೆಗೆ ತುಂಬಿದ. ಮೊಣಕೈ ಊರಿದ, ಎದೆಯಿಂದ ತಳ್ಳಿದ. ನೀರು ಕನ್ನಡಿಯಂತೆ ನಿಂತಿತ್ತು. ರೈಫಲ್ಲನ್ನು ದಿಂಬುಗಳ ಮೇಲೆ ಮಲಗಿಸಿ ಐದು ಗುಂಡು ಹೊಡೆದ. ಐವತ್ತು ಗಜ ನಡೆದು ಹೋಗುವಾಗ, ಎಂಟು ದಿಕ್ಕಿಗೂ ಚೆಲ್ಲಿದ ತೂತುಗಳನ್ನು ಮನಸ್ಸು ಬೇಡುತ್ತಿತ್ತು.

ಐದೂ ಒಂದರ ಪಕ್ಕ ಒಂದು ಒತ್ತಿಕೊಂಡು ಬಿದ್ದಿದ್ದವು. ಹಳೆಯ ಕಾಲದ ಒಂದಾಣೆ ಬಿಲ್ಲೆ ಇಟ್ಟರೆ ಎಲ್ಲವೂ ಮುಚ್ಚಿಹೋಗುತ್ತಿತ್ತು. ರೈಫಲ್ ಹೊಸದರಂತಿತ್ತು.

ಮರಳಿ ಬಂದು ಬೆಂಚಿನ ಮುಂದೆ ಕುಳಿತ. ಲೋಟ ಇನ್ನೂ ತುಂಬಿಯೇ ಇತ್ತು. ಬಾಯಾರಿತ್ತು, ಎಡಗೈಯಲ್ಲಿ ಎತ್ತಿಕೊಂಡ. ಬಾಯಿಗೆ ತರುವಷ್ಟರಲ್ಲಿ ಮುಂಗೈ ಒದ್ದೆಯಾಯಿತು, ಪಂಚೆ ಒದ್ದೆಯಾಯಿತು. ಕೆಳಗಿಟ್ಟು, ಬಂದೂಕಿನ ಭಾರ ಹೊರುವ ಆ ಎಡಗೈಯನ್ನು ಚಪ್ಪಡಿಯ ಮೇಲೆ ಚಾಚಿ ನೋಡಿದ. ಕಲ್ಲು ಅಲುಗುತ್ತಿರಲಿಲ್ಲ; ಆದ್ದರಿಂದಲೇ ಕೈ ಕಂಡಿತು. ಎಲೆಯ ಮೇಲೆ ಗಾಳಿ ಆಡಿದಂತೆ ಬೆರಳುಗಳು ಆಡುತ್ತಿದ್ದವು.

ಎಂಟು ಗಂಟೆಗೆ ಓಬುಳಪತಿ ಸೈಕಲ್ಲಿನಲ್ಲಿ ಬಂದ, ರೈಫಲ್ ಕಟ್ಟಿ ಕಳಿಸಲು ಗೋಣಿ ಮತ್ತು ಹುರಿ ಹಿಡಿದುಕೊಂಡು. ಕಾಗದ ಆಗ ನರಸಪ್ಪನ ಅಂಗಿಯ ಜೇಬಿನಲ್ಲಿ ಮಡಚಿಕೊಂಡಿತ್ತು. ಅಲ್ಲಿಯೇ ಇರಬಹುದಿತ್ತು. ರೈಫಲ್ ಬೆಂಗಳೂರಿಗೆ ಹೋಗುತ್ತಿತ್ತು, ಬರುತ್ತಿತ್ತು, ಅಷ್ಟರಲ್ಲಿ ಮೂರು ತಿಂಗಳು. ನುಗ್ಗೆ ಕಾಯಿ ಬಿಡುತ್ತಿತ್ತು. ಆದರೆ ಅಷ್ಟು ದಿನ ಗೊತ್ತಿದ್ದೂ ಗೊತ್ತಿಲ್ಲದವನಂತೆ ಇರಲು ಬೇಕಾದ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಕಾಗದ ತೆಗೆದು ಕೊಟ್ಟ.

ಓಬುಳಪತಿ ತೂತನ್ನು ನೋಡಿದ, ಕಲ್ಲನ್ನು ನೋಡಿದ, ಕೊನೆಗೆ ಸಿಟ್ಟಾದ.

"ಯಾರು ಕೇಳಿದ್ರಯ್ಯಾ ನಿನ್ನ? ಬುಧವಾರಕ್ಕೇ ಮುಗಿದಿತ್ತು ವಿಷಯ!"

"ನೀವೇ ಕೇಳಿದ್ರಿ ಸಾಮಿ. ನಿಜ ಹೇಳು ಅಂತ."

"ಕೇಳಿದೆ… ಕೇಳಿದೆ." ಗೋಣಿಯನ್ನು ಸುಮ್ಮನೆ ಮಡಚುತ್ತ, ಬಿಚ್ಚುತ್ತ ನಿಂತ. "ಹೊಡೆಯೋದು ಬೇಡ, ಬರೀ ಹೇಳಿಕೊಡು ಅಂದ್ರೆ?"

"ತೋಟಾ ತುಂಬಿದ ಬಂದೂಕು ಸಾಮಿ. ಅಲ್ಲಾಡೋ ಕೈಯಾಗೆ ಇರಬಾರದು. ಹೊಸಬರಿಗೆ ನಾನೇ ಕಲಿಸಿದ ಮೊದಲ್ನೇ ಪಾಠ ಅದು."

ಓಬುಳಪತಿ ತಿಂಗಳ ಕೊನೆಯವರೆಗೆ ಮನೆಯಲ್ಲಿರಲು ಹೇಳಿ ಸೈಕಲ್ ಹತ್ತದೆ ತಳ್ಳಿಕೊಂಡು ಹೋದ.

ರಾಮಾಂಜಿನಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವನು ಬಂದು ಕುಳಿತ ಮೇಲೆ ಮಜ್ಜಿಗೆ ತಂದು ಕೊಟ್ಟಳು. ನರಸಪ್ಪ ಲೋಟದೊಳಗೆ ನೋಡಿದ. ಮುಕ್ಕಾಲು ಮಾತ್ರ ಇತ್ತು. ನಿನ್ನೆಯೂ ಮುಕ್ಕಾಲು, ಮೊನ್ನೆಯೂ ಮುಕ್ಕಾಲು. ನೆನಪು ಮಾಡಿಕೊಂಡರೆ, ಈ ಮನೆಯಲ್ಲಿ ಅವಳು ಕೈಗೆ ಕೊಟ್ಟ ಲೋಟ ತುಂಬಿದ್ದು ಯಾವಾಗಲೋ.

"ಯಾವಾಗಿಂದ?" ಎಂದು ಕೇಳಿದ.

"ಹೋದ ಸುಗ್ಗಿಯಿಂದ."

"ಹೇಳಬಾರದಿತ್ತಾ?"

"ನಾನು ಹೇಳಿದ್ರೆ ನಂಬ್ತಿದ್ರಾ? ಬಂಡೆಕಲ್ಲು ಹೇಳಿದ ಮ್ಯಾಲೆ ನಂಬಿದ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸೆರಗಿನ ತುದಿಯಿಂದ ಅವನ ಮುಂಗೈ ಒರೆಸಿದಳು. "ಹೇಳಿ ನಾನೇ ಮನೆ ಬಿಡಿಸ್ಕಂಡಂಗೆ ಆಗ್ತಿತ್ತು. ಒಂದು ಬೇಸಿಗೆ ಇನ್ನೂ ಇರನ ಅಂತ ಆಸೆ ಇತ್ತು ಕಣ್ರಿ."

"ಮತ್ತೆ ಮೂರು ಕಲ್ಲಿನ ಮಾತು ಯಾಕೆ ಆಡ್ದೆ?"

ಅವಳು ಸೆರಗನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಉರಿಬಿಸ್ಲಾಗೆ ನೀವು ಬೆಣೆ ಹೊಡೀತಾ ಇದ್ದದ್ದು ನೋಡಾಕೆ ಆಗ್ನಿಲ್ಲ," ಎಂದಳು.

ತಿಂಗಳ ಕೊನೆಗೆ ಅವರು ಬಸ್ಸು ಹತ್ತಿದರು. ಒಂದು ಟ್ರಂಕು, ಎರಡು ಗಂಟು. ನುಗ್ಗೆಯ ಒಂದು ಕೊಂಬೆಯನ್ನು ಕಡಿದು ಒದ್ದೆ ಬಟ್ಟೆ ಸುತ್ತಿ ಅವಳು ತೊಡೆಯ ಮೇಲಿಟ್ಟುಕೊಂಡಿದ್ದಳು. ಚಪ್ಪಡಿ ಅಲ್ಲಿಯೇ ಉಳಿಯಿತು. ಕದಲಿಸುವುದು ಯಾರಿಂದಲೂ ಆಗುವಂತಿರಲಿಲ್ಲ. ಹೊಸ ಉಸ್ತಾದನಾಗಿ ಬಂದ ಡ್ರಿಲ್ ಮೇಷ್ಟ್ರು ಕಲಿಯುವವರನ್ನು ಮೊದಲು ಕಲ್ಲಿನ ಬೆಂಚಿನಿಂದ ಹೊಡೆಸಿ, ಆಮೇಲೆ ನೆಲದ ಮೇಲೆ ಮಲಗಿಸುತ್ತಾನೆಂದು, ಎರಡು ಕಾಗದಗಳನ್ನು ಪಕ್ಕಪಕ್ಕ ಹಿಡಿದು ತೋರಿಸುತ್ತಾನೆಂದು ಓಬುಳಪತಿ ಒಮ್ಮೆ ಕಾರ್ಡು ಬರೆದ. ಕಾರ್ಡನ್ನು ನರಸಪ್ಪ ಎರಡು ಸಲ ಓದಿಸಿ ಕೇಳಿ ಗೋಡೆಯ ಸಂದಿಗೆ ಸಿಕ್ಕಿಸಿದ.

ಅದು ಆಮೇಲಿನ ಮಾತು. ಅಂದು ಕಲ್ಯಾಣದುರ್ಗದ ಬಸ್ ನಿಲ್ದಾಣಕ್ಕೆ ದಾಸಣ್ಣ ತಾನೇ ಕಟ್ಟಿದ ಬಂಡಿ ತಂದಿದ್ದ. ಟ್ರಂಕನ್ನು ಏರಿಸುತ್ತ ಕೇಳಿದ.

"ನಮ್ಮ ಬೆಂಚು ಹೆಂಗೈತೆ ಬಾವ?"

"ಚಕ್ರ ಹಾಕಿದ್ರೆ ಚೆಂದಾಗಿ ಓಡ್ತಿತ್ತು ಕಣ್ಲಾ."

ದಾಸಣ್ಣನಿಗೆ ಅರ್ಥವಾಗಲಿಲ್ಲ, ಆದರೂ ಹೊಗಳಿಕೆಯೆಂದು ತಿಳಿದು ನಕ್ಕ. ಎತ್ತುಗಳು ಹೆಜ್ಜೆ ಕಿತ್ತವು. ಹಳ್ಳದ ಹಾದಿಯಲ್ಲಿ ಬಂಡಿಯ ಒಂದೊಂದು ಕೀಲೂ ಕಾಳಿನಷ್ಟು ಸಡಿಲಾಗಿ, ಮತ್ತೆ ಕೂಡಿಕೊಳ್ಳುತ್ತ, ಬಂಡಿ ಕಿರುಗುಟ್ಟುತ್ತ ಸಾಗಿತು. ನರಸಪ್ಪ ಎಡಗೈಯನ್ನು ಬಂಡಿಯ ಪಕ್ಕದ ಗೂಟಕ್ಕೆ ಒರಗಿಸಿಟ್ಟ. ಅಲ್ಲಿ ಎಲ್ಲವೂ ಅಲ್ಲಾಡುತ್ತಿದ್ದುದರಿಂದ ಅದು ಬೇರೆಯಾಗಿ ಕಾಣುತ್ತಿರಲಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ, ಕುಳಿತಲ್ಲೇ ಅವನಿಗೆ ನಿದ್ದೆ ಹತ್ತಿತು.